ಕಲೆ ಬಿದ್ದ ಹಳೇ ಡಯಲ್: ಹಾಗೇ ಬಿಡೋದಾ, ರೀಡಯಲ್ ಮಾಡಿಸೋದಾ?

ಮೂರುಮುಳ್ಳು:

ಕೀಲಿ ಕೊಡುವ ಸ್ವಿಸ್ ವಾಚು. ಮೂರು ಮುಳ್ಳು, ತಾರೀಖಿಲ್ಲ, 34 ಮಿ.ಮೀ. ಸ್ಟೀಲ್ ಕೇಸು, 1960ರ ದಶಕದ ಆರಂಭದ್ದು. ಡಯಲ್ ಬೆಳ್ಳಿ ಬಣ್ಣದ್ದು, ನಡುವಿನಿಂದ ಅಂಚಿಗೆ ಕಿರಣದಂತೆ ಹರಡುವ ಸನ್‌ರೇ ಗೆರೆಗಳಿವೆ. ಈಗಿನ ಸ್ಥಿತಿ:

4ರಿಂದ 6ರ ನಡುವೆ ಕಂದು ಚುಕ್ಕೆಗಳು, ಯಾವುದೂ ಅರ್ಧ ಮಿ.ಮೀ. ಮೀರಿಲ್ಲ. 5ರ ಗುರುತಿನ ಒಳಬದಿಯಲ್ಲಿ ಲ್ಯಾಕರ್ (ಮೇಲಿನ ಪಾರದರ್ಶಕ ಲೇಪ) ಗುಳ್ಳೆ ಎದ್ದಿದೆ, ಅಗಲ ಸುಮಾರು 2 ಮಿ.ಮೀ. ನಿಮಿಷದ ಗೆರೆಗಳಲ್ಲಿ 22ರಿಂದ 27ರವರೆಗಿನವು ಹೋಗಿವೆ. ಕೆಳಗಿನ ‘ಸ್ವಿಸ್ ಮೇಡ್’ನಲ್ಲಿ ‘ಮೇಡ್’ ಮಸುಕು. ಕಂಪನಿಯ ಹೆಸರು, ಲೋಗೋ ಪೂರ್ತಿ ಇವೆ. ಗುರುತುಗಳೆಲ್ಲ ಪ್ರತ್ಯೇಕವಾಗಿ ಕೂರಿಸಿದ ಲೋಹದ ಕಡ್ಡಿಗಳು. 5ರ ಬುಡದಲ್ಲಿ ಮಾತ್ರ ಹಸಿರು ಕಿಲುಬು. ಗುರುತುಗಳ ತುದಿಯಲ್ಲಿ ಸಣ್ಣ ಲ್ಯೂಮ್ (ಕತ್ತಲಲ್ಲಿ ಬೆಳಗುವ ಬಣ್ಣ) ಚುಕ್ಕಿಗಳಿವೆ. ಮುಳ್ಳುಗಳ ಲ್ಯೂಮ್ ಬಿರುಕು ಬಿಟ್ಟಿದೆ.

ಒಬ್ಬ ರಿಪೇರಿಯವರು ‘ಪೂರ್ತಿ ರೀಡಯಲ್ ಮಾಡಿಸಿ, ಹೊಸದರ ಹಾಗಾಗುತ್ತೆ’ ಅಂದರು (ರೀಡಯಲ್ ಅಂದರೆ ಹಳೇ ಡಯಲನ್ನೇ ಕಳಚಿ ಹೊಸದಾಗಿ ಲೇಪ, ಮುದ್ರಣ ಮಾಡುವುದು). ಇನ್ನೊಬ್ಬರು ‘ಮುಟ್ಟಲೇಬೇಡಿ’ ಅಂದರು. ಎರಡರ ನಡುವೆ ಏನಾದರೂ ದಾರಿ ಇದೆಯಾ? ಮಾರುವ ಉದ್ದೇಶ ಸದ್ಯಕ್ಕಿಲ್ಲ, ಆಗಾಗ ಕಟ್ಟಿಕೊಳ್ಳುವ ವಾಚು.


ಲೂಪ್‌ಕಣ್ಣು:

ಮುಟ್ಟೋದಾ ಬಿಡೋದಾ ಅನ್ನೋ ಪ್ರಶ್ನೆ ಆಮೇಲೆ. ಯಾವ ಪದರ ಕೆಟ್ಟಿದೆ ಅನ್ನೋದನ್ನ ಮೊದಲು ಗೊತ್ತು ಮಾಡಿಕೊಳ್ಳಿ. ಅದು ತಿಳಿದರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗೇ ಬಿದ್ದುಹೋಗುತ್ತವೆ.

ನೀವು ಹೇಳುವಂಥ ಡಯಲ್‌ನಲ್ಲಿ ತಳದಿಂದ ಮೇಲಕ್ಕೆ ಹೀಗಿರುತ್ತೆ: ಸುಮಾರು 0.4 ಮಿ.ಮೀ. ದಪ್ಪದ ಹಿತ್ತಾಳೆ ತಗಡು, ಅದರ ಮೇಲೆ ಬ್ರಷ್‌ನಿಂದ ಎಳೆದ ಸನ್‌ರೇ ಗೆರೆಗಳು, ಆ ಗೆರೆಗಳ ಮೇಲೆ ಬಹಳ ತೆಳುವಾದ ಬೆಳ್ಳಿ ಲೇಪ, ಬೆಳ್ಳಿ ಕಪ್ಪಾಗದ ಹಾಗೆ ಪಾರದರ್ಶಕ ಲ್ಯಾಕರ್, ಲ್ಯಾಕರ್ ಮೇಲೆ ಮುದ್ರಿಸಿದ ಅಕ್ಷರ ಮತ್ತು ನಿಮಿಷದ ಗೆರೆ. ಅಂದರೆ ಹೆಸರು, ಗೆರೆ ಎಲ್ಲ ಕೂತಿರುವುದು ಲ್ಯಾಕರ್ ಮೇಲೆ. ಲ್ಯಾಕರ್ ಸಡಿಲವಾದರೆ ಅವೂ ಜೊತೆಗೇ ಬರುತ್ತವೆ.

ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಒಂದೇ ಟಾರ್ಚನ್ನು ಡಯಲ್‌ಗೆ ಬಹುತೇಕ ಸಮಾನಾಂತರವಾಗಿ ಪಕ್ಕದಿಂದ ಹಿಡಿಯಿರಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿ. ಚುಕ್ಕೆ ತನ್ನದೇ ನೆರಳು ಬೀಳಿಸಿದರೆ ಅದು ಮೇಲೆ ಕೂತ ಕೊಳೆ. ಚುಕ್ಕೆಯ ಮೇಲೂ ಹೊಳಪು ಕಡಿಯದೆ ಹರಿದಿದ್ದರೆ ಕಲೆ ಲ್ಯಾಕರ್ ಕೆಳಗಿದೆ, ಬೆಳ್ಳಿ ಕಪ್ಪಾಗಿದೆ. ಚುಕ್ಕೆಯ ಸುತ್ತ ಮುರಿದ ಅಂಚು ಕಂಡರೆ ಲ್ಯಾಕರ್ ತೂತಾಗಿ ತೇವ ಹಿತ್ತಾಳೆವರೆಗೂ ಇಳಿದಿದೆ ಅಂತ ಅರ್ಥ. ಮೊದಲನೆಯದನ್ನು ಮಾತ್ರ ‘ಕ್ಲೀನ್’ ಮಾಡಬಹುದು. ಉಳಿದೆರಡನ್ನು ಒರೆಸಿ ತೆಗೆಯುವ ದ್ರವ ಯಾವುದೂ ಇಲ್ಲ. ಕಲೆಯನ್ನು ಮುಟ್ಟಬೇಕಾದರೆ ಲ್ಯಾಕರ್ ದಾಟಬೇಕು, ಲ್ಯಾಕರ್ ದಾಟಿದರೆ ಮುದ್ರಣ ಹೋಯಿತು.

ಕಂದು ಬಣ್ಣ, ಗುಳ್ಳೆ, ಪಕ್ಕದಲ್ಲೇ ಹಸಿರು ಕಿಲುಬು ಮೂರೂ ಒಂದೇ ಕಡೆ ಇವೆ ಅಂದರೆ ಮೂರನೆಯ ಬಗೆ ಅಂತಲೇ ನನ್ನ ಅಂದಾಜು.


ಚಿಮುಟ:

ಡಯಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಡಯಲ್ ಮೇಲೆ ಇಷ್ಟು ಕಂಡಿದ್ದರೆ ಅದರ ಕೆಳಗೆ ಇನ್ನೂ ಇರುತ್ತೆ. ಹೊಸ ಡಯಲ್ ಹಾಕಿದರೂ ಅದೇ ತೇವ ಅದನ್ನೂ ತಿನ್ನುತ್ತೆ.

ನೀರು, ಬೆವರು ನುಗ್ಗುವ ಜಾಗ ಮೂರು. ಕ್ರೌನ್ (ಕೀಲಿ ಕೊಡುವ ತಿರುಪು) ಒಳಗಿನ ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ, ಹಳೆಯದು ಗಟ್ಟಿಯಾಗಿ ಚೂರಾಗಿರುತ್ತೆ, ಇಲ್ಲವೇ ಡಾಂಬರಿನ ಹಾಗೆ ಅಂಟಂಟಾಗಿರುತ್ತೆ), ಅಕ್ರಿಲಿಕ್ ಗಾಜಿನ ಅಂಚು, ಹಿಂಬದಿ ಮುಚ್ಚಳ. ಡಯಲ್ ಬಿಚ್ಚಿದ ಮೇಲೆ ನೋಡಬೇಕಾದ್ದು: ಗಂಟೆ ಚಕ್ರ, ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂರುವ ಹಲ್ಲಿನ ಕೊಳವೆ), ಟೈಮ್ ಕೂಡಿಸುವ ಭಾಗದ ಸ್ಪ್ರಿಂಗುಗಳು. ಇವೆಲ್ಲ ಉಕ್ಕು ಅಥವಾ ಉಕ್ಕಿಗೆ ತಾಗಿಕೊಂಡಿರುವವು, ತುಕ್ಕು ಮೊದಲು ಹಿಡಿಯೋದು ಇಲ್ಲೇ. ಅವುಗಳಲ್ಲಿ ಒಂದಾದ ಸೆಟ್ಟಿಂಗ್ ಲಿವರ್ ಸ್ಪ್ರಿಂಗ್ ತುಕ್ಕು ಹಿಡಿದು ಕ್ರೌನ್ ಎಳೆದಾಗ ಪಟ್ ಅಂತ ಮುರಿದರೆ ಕೆಲವು ಒಳಯಂತ್ರದ ಮಾದರಿಗಳಿಗೆ, ಅಂದರೆ ಕ್ಯಾಲಿಬರ್‌ಗಳಿಗೆ ಅದನ್ನು ಹುಡುಕೋದು ಡಯಲ್ ಹುಡುಕೋದಕ್ಕಿಂತ ಕಷ್ಟ.

ಬಿಚ್ಚುವ ಕ್ರಮದಲ್ಲೇ ಬಹಳ ಡಯಲ್‌ಗಳು ಹಾಳಾಗುತ್ತವೆ, ಹಾಗಾಗಿ ಬರೀತಿದ್ದೀನಿ. ಸ್ಪ್ರಿಂಗ್‌ನ ಬಿಗಿ ಪೂರ್ತಿ ಇಳಿಸಬೇಕು. ಗಂಟೆ, ನಿಮಿಷದ ಮುಳ್ಳುಗಳನ್ನು 12ಕ್ಕೆ ಒಂದರ ಮೇಲೊಂದು ತರಬೇಕು. ಸೀಳಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮುಳ್ಳಿನ ಕೆಳಗೆ ತೂರಿಸಿ ಆಮೇಲೆ ಎರಡೂ ಕಡೆಯಿಂದ ಲಿವರ್ ಹಾಕಿ ಸಮನಾಗಿ ಎತ್ತಬೇಕು. ಒಂದೇ ಕಡೆಯಿಂದ ಎತ್ತಿದರೆ ಮುಳ್ಳು ಬಾಗುತ್ತೆ, ಒಣಗಿದ ಲ್ಯೂಮ್ ಉದುರುತ್ತೆ. ಡಯಲ್ ಸ್ಕ್ರೂ ಸಾಮಾನ್ಯವಾಗಿ ಎರಡು, ಮೂವ್‌ಮೆಂಟಿನ (ಒಳಯಂತ್ರದ) ಅಂಚಿನಲ್ಲಿ. ಅವನ್ನು ಪೂರ್ತಿ ತೆಗೆಯಬಾರದು, ಡಯಲ್ ಕಾಲು (ಹಿಂಬದಿಯ ಸಣ್ಣ ಕಂಬಿ) ಸಡಿಲ ಆಗುವಷ್ಟು ಮಾತ್ರ ತಿರುಗಿಸಿ. ಆಮೇಲೆ ಡಯಲನ್ನು ನೇರ ಮೇಲಕ್ಕೆ ಎತ್ತಿ. ಬರದಿದ್ದರೆ ಸ್ಕ್ರೂ ಇನ್ನೂ ಹಿಡಿದಿದೆ ಅಂತ. ಅಂಚಿಗೆ ಚಾಕು ತೂರಿಸಿ ಮೀಟಿದರೆ ಕಾಲು ಮುರಿಯುತ್ತೆ, ಅಂಚಿನ ಲ್ಯಾಕರ್ ಚಕ್ಕೆ ಏಳುತ್ತೆ.


ಹೊಳಪು_ಪ್ರಿಯ:

ಇಷ್ಟೆಲ್ಲ ಯಾಕೆ? ಡಯಲ್ ಬಿಚ್ಚಿ ನಿಂಬೆರಸ ಅಥವಾ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎರಡು ನಿಮಿಷ ಇಟ್ಟು ಮೆತ್ತಗೆ ಉಜ್ಜಿದರೆ ಕಲೆ ಹೋಗುತ್ತೆ. ವಿಡಿಯೋಗಳಲ್ಲಿ ಬೇಕಾದಷ್ಟಿವೆ.


ಲೂಪ್‌ಕಣ್ಣು:

ದಯವಿಟ್ಟು ಬೇಡ. ಲ್ಯಾಕರ್ ತೂತಾಗಿರುವ ಕಡೆ ಆಮ್ಲ ಒಳಗಿಳಿದರೆ ಕಲೆಯ ಜೊತೆಗೆ ಹಿತ್ತಾಳೆಯಲ್ಲಿನ ಸತುವನ್ನೂ ತಿನ್ನುತ್ತೆ. ಕಂದು ಚುಕ್ಕೆ ಇದ್ದ ಕಡೆ ಗುಲಾಬಿ ಬಣ್ಣದ ತಾಮ್ರದ ಚುಕ್ಕೆ ಬರುತ್ತೆ. ಲ್ಯಾಕರ್ ಅಡಿಗೆ ಹೋದ ದ್ರವವನ್ನು ತೊಳೆದು ತೆಗೆಯೋಕೆ ಆಗಲ್ಲ, ವಾರಗಳು ಕಳೆದ ಮೇಲೆ ಅದೇ ಜಾಗ ಸುತ್ತಲೂ ಹರಡುತ್ತೆ. ಸೋಪಿನ ನೀರೂ ಹಾಗೇ: ಗಟ್ಟಿ ಲ್ಯಾಕರ್‌ಗೆ ಏನೂ ಆಗದಿರಬಹುದು, ಗುಳ್ಳೆ ಎದ್ದ ಲ್ಯಾಕರ್ ಹಾಳೆಯಾಗಿ ಬಿಚ್ಚಿಕೊಳ್ಳುತ್ತೆ. ವಿಡಿಯೋ ಮುಗಿಯುವುದು ಡಯಲ್ ಒದ್ದೆಯಾಗಿ ಮಿನುಗುವಾಗ. ಒಣಗಿ ಒಂದು ತಿಂಗಳಾದ ಮೇಲಿನ ಚಿತ್ರ ಯಾರೂ ಹಾಕಲ್ಲ.

ತೊಳೆಯಬಹುದಾದ ಡಯಲ್ ಒಂದಿದೆ, ಬೆಂಕಿಯಲ್ಲಿ ಸುಟ್ಟ ನಿಜವಾದ ಎನಾಮಲ್. ಹಳೆಯ ಪಾಕೆಟ್ ವಾಚುಗಳಲ್ಲಿ ಹೆಚ್ಚು. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಮಾಡಿದ್ದು. ಬಣ್ಣ ಮಾಸಲ್ಲ, ತೇವಕ್ಕೆ ಜಗ್ಗಲ್ಲ. ಅದರ ಕೂದಲೆಳೆ ಬಿರುಕಿನಲ್ಲಿ ಕೊಳೆ ಕೂತು ಕಪ್ಪು ಗೆರೆ ಕಾಣುತ್ತಿದ್ದರೆ ಹಲ್ಲುಸೆಟ್ಟು ತೊಳೆಯುವ ಮಾತ್ರೆ ಹಾಕಿದ ನೀರಲ್ಲಿ ನೆನೆಸಿದರೆ ಗೆರೆ ಬಹಳ ಮಟ್ಟಿಗೆ ಮಾಯವಾಗುತ್ತೆ, ಬಿರುಕು ಮಾತ್ರ ಇದ್ದೇ ಇರುತ್ತೆ. ಅದರಲ್ಲೂ ಸೆಕೆಂಡಿನ ಪುಟ್ಟ ಡಯಲನ್ನು ಹಿಂದಿನಿಂದ ಬೆಸೆದು ಕೂರಿಸಿದ್ದರೆ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬಾರದು. ಡಯಲ್ ಮೇಲಿನ ಹೆಸರು ಕೂಡ ಸುಟ್ಟದ್ದೋ ಬರೀ ಮೇಲೆ ಮುದ್ರಿಸಿದ್ದೋ ಅಂತ ಮೊದಲೇ ನೋಡಿಕೊಳ್ಳಬೇಕು. ಮೇಲ್ಮುದ್ರಣವಾದರೆ ಅದೂ ನೀರಿನ ಜೊತೆ ಹೋಗುತ್ತೆ.

ಮೂರುಮುಳ್ಳು ಅವರ ಡಯಲ್ ಎನಾಮಲ್ ಅಲ್ಲ. ಆ ದಾರಿ ಬಿಟ್ಟುಬಿಡಿ.


ಮುದ್ರೆಮೇಜು:

ರೀಡಯಲ್ ಅಂದರೆ ಏನು ಮಾಡುತ್ತಾರೆ ಅಂತ ತಿಳಿದುಕೊಂಡು ನಿರ್ಧಾರ ಮಾಡಿದರೆ ಒಳ್ಳೆಯದು. ‘ಹೊಸ ಬಣ್ಣ ಹೊಡೆಯುತ್ತಾರೆ’ ಅಂದುಕೊಂಡವರೇ ಹೆಚ್ಚು. ಅಲ್ಲಿ ನಡೆಯುವುದು ಪೂರ್ತಿ ಬೇರೆ ಕೆಲಸ.

ಮೊದಲು ಲೋಹದ ಗುರುತುಗಳನ್ನು ತೆಗೆಯಬೇಕು. ಒಂದೊಂದಕ್ಕೂ ಕೂದಲಿಗಿಂತ ಸ್ವಲ್ಪ ದಪ್ಪದ ಒಂದೋ ಎರಡೋ ಕಾಲುಗಳಿದ್ದು, ಡಯಲ್ ಹಿಂದೆ ತಟ್ಟಿ ಅಗಲಿಸಿರುತ್ತಾರೆ. ಹಿಂದಿನಿಂದ ಒತ್ತಿ ತೆಗೆಯುವಾಗ ಒಂದೆರಡು ಮುರಿಯುವುದು ಮಾಮೂಲು, ಆಮೇಲೆ ಅವನ್ನು ಅಂಟಿನಿಂದ ಕೂರಿಸುತ್ತಾರೆ. ನಂತರ ಲ್ಯಾಕರ್, ಮುದ್ರಣ, ಬೆಳ್ಳಿ ಎಲ್ಲವನ್ನೂ ರಾಸಾಯನಿಕದಿಂದ ಕಳಚಿ ಬರೀ ಹಿತ್ತಾಳೆಗೆ ಬರುತ್ತಾರೆ. ತುಕ್ಕಿನಿಂದ ಬಿದ್ದ ಕುಳಿಗಳು ಹಿತ್ತಾಳೆಯಲ್ಲೇ ಇರುವುದರಿಂದ ಅದನ್ನು ಉಜ್ಜಿ ಸಮ ಮಾಡಬೇಕು. ಕುಳಿ ಆಳವಾಗಿದ್ದಷ್ಟೂ ಹೆಚ್ಚು ಉಜ್ಜಬೇಕು, ಉಜ್ಜಿದಷ್ಟೂ ಅಂಚು, ಮಡಿಕೆ, ತಾರೀಖಿನ ಕಿಟಕಿಯ ಇಳಿಜಾರು ಎಲ್ಲ ಮೊಂಡಾಗುತ್ತವೆ. ಆಮೇಲೆ ಡಯಲನ್ನು ತಿರುಗಿಸುತ್ತಾ ಸನ್‌ರೇ ಗೆರೆ ಎಳೆಯುವುದು. ಗೆರೆಗಳ ಕೇಂದ್ರ ಮುಳ್ಳಿನ ತೂತಿನಲ್ಲೇ ಬೀಳಬೇಕು, ಸ್ವಲ್ಪ ಸರಿದರೂ ಬೆಳಕಿಗೆ ಹಿಡಿದಾಗ ಕಿರಣಗಳು ಓರೆಯಾಗಿ ಕಾಣುತ್ತವೆ. ಗುರುತು ತೆಗೆಯದೇ ಗೆರೆ ಎಳೆದರೆ ಪ್ರತಿ ಗುರುತಿನ ಬುಡದಲ್ಲೂ ಬ್ರಷ್ ತಲುಪದ ಮಂಕು ಪಟ್ಟಿ ಉಳಿಯುತ್ತದೆ. ಅಗ್ಗದ ಕೆಲಸವನ್ನು ಗುರುತಿಸಲು ಇದೊಂದೇ ಸಾಕು.

ಬೆಳ್ಳಿ ಲೇಪ, ಹಲವು ಕೋಟು ಲ್ಯಾಕರ್, ಕೊನೆಗೆ ಮುದ್ರಣ. ಮುದ್ರಣಕ್ಕೆ ಲೋಹದ ಅಚ್ಚು ಬೇಕು. ಅದರಲ್ಲಿ ಅಕ್ಷರಗಳನ್ನು ಸುಮಾರು 0.02 ಮಿ.ಮೀ. ಆಳಕ್ಕೆ ಕೊರೆದಿರುತ್ತಾರೆ. ಶಾಯಿ ತುಂಬಿ, ಹೆಚ್ಚಿನದನ್ನು ಬ್ಲೇಡಿನಿಂದ ಬಳಿದು, ಸಿಲಿಕೋನ್ ಮೆತ್ತೆಯಿಂದ ಎತ್ತಿ ಡಯಲ್ ಮೇಲೆ ಒತ್ತುವುದು. ಇಡೀ ಫಲಿತಾಂಶ ನಿಂತಿರುವುದು ಈ ಅಚ್ಚಿನ ಮೇಲೆ. ನಿಮ್ಮ ಡಯಲ್‌ದೇ ಚಿತ್ರದಿಂದ ಅಚ್ಚು ಕೊರೆದರೆ ಅಕ್ಷರ ಮೂಲಕ್ಕೆ ಹತ್ತಿರ ಬರುತ್ತದೆ. ಇರುವ ಹತ್ತಾರು ಅಚ್ಚುಗಳಲ್ಲಿ ‘ಹತ್ತಿರದ್ದು’ ಆರಿಸಿದರೆ ಕಂಪನಿ ಹೆಸರಿನ ಅಕ್ಷರಗಳ ತುದಿ ದಪ್ಪ, ಅಂತರ ಬೇರೆ. ಲ್ಯಾಕರ್ ಪೂರ್ತಿ ಒಣಗುವ ಮೊದಲೇ ಮುದ್ರಿಸಿದರೆ ಅಕ್ಷರದ ಅಂಚು ಹರಡುತ್ತದೆ. ಲ್ಯಾಕರ್ ದಪ್ಪವಾದರೆ ಗುರುತಿನ ತೂತುಗಳು ಮುಚ್ಚಿ, ಗುರುತುಗಳು ಒಂದೊಂದು ಒಂದೊಂದು ಎತ್ತರಕ್ಕೆ ಕೂರುತ್ತವೆ.

‘ಹಾಳಾದ ಮೂಲೆ ಮಾತ್ರ ಸರಿಮಾಡಿ’ ಅಂತ ಕೇಳುವವರಿದ್ದಾರೆ. ಸನ್‌ರೇ ಡಯಲ್‌ನಲ್ಲಿ ಅದು ಆಗದ ಮಾತು. ಒಂದು ಚೂರು ಬೆಳ್ಳಿ ಲೇಪಿಸಿದರೂ ಅದರ ಮೇಲೆ ಬೆಳಕು ಬೇರೆ ರೀತಿ ಬೀಳುತ್ತದೆ, ವಾಚು ತಿರುಗಿಸಿದಾಗ ತೇಪೆ ಕಣ್ಣಿಗೆ ಹೊಡೆಯುತ್ತದೆ. ಅಳಿಸಿದ ನಿಮಿಷದ ಗೆರೆಗಳನ್ನು ಮಾತ್ರ ಕೈಯಲ್ಲಿ ತುಂಬಬಹುದು, ಒಳ್ಳೆ ಕೈ ಸಿಕ್ಕರೆ. ಆದರೆ ಅದನ್ನೂ ಗಟ್ಟಿ ಲ್ಯಾಕರ್ ಇರುವ ಕಡೆ ಮಾತ್ರ ಮಾಡಲು ಸಾಧ್ಯ, ಗುಳ್ಳೆ ಪಕ್ಕ ಆಗದು.

ಮಾಡಿಸಲೇಬೇಕು ಅಂದರೆ ಕೇಳಬೇಕಾದ್ದು: ಗುರುತುಗಳನ್ನು ತೆಗೆಯುತ್ತೀರಾ? ಅಚ್ಚು ನನ್ನ ಡಯಲ್‌ದೇ ಕೊರೆಯುತ್ತೀರಾ? ಇದೇ ಬಗೆಯ ಸನ್‌ರೇ ಡಯಲ್‌ನ ಮೊದಲು–ಆಮೇಲಿನ ಹತ್ತಿರದ ಚಿತ್ರ ಇದೆಯಾ? ಡಯಲ್ ಕೆಟ್ಟರೆ ಏನು ಮಾಡುತ್ತೀರಿ? ನಾಲ್ಕನೆಯದಕ್ಕೆ ನೇರ ಉತ್ತರ ಬರದಿದ್ದರೆ ಡಯಲ್ ವಾಪಸ್ ತನ್ನಿ.


ಹಳೇಕೀಲಿ:

ಮೇಲಿನ ಮಾತಿನಲ್ಲಿ ಮುಖ್ಯವಾದದ್ದು ‘ಬರೀ ಹಿತ್ತಾಳೆಗೆ ಬರುತ್ತಾರೆ’ ಅನ್ನೋದು. ರೀಡಯಲ್ ಆದ ಮೇಲೆ ಮೂಲದಿಂದ ಉಳಿಯುವುದು ತಗಡು, ಕಾಲು, ಅದೃಷ್ಟವಿದ್ದರೆ ಗುರುತುಗಳು. ವಾಪಸ್ ಬರುವ ದಾರಿಯಿಲ್ಲ. ಕಲೆ ಬಿದ್ದದ್ದನ್ನು ಹತ್ತು ವರ್ಷ ಬಿಟ್ಟು ರೀಡಯಲ್ ಮಾಡಿಸಬಹುದು, ರೀಡಯಲ್ ಆದದ್ದನ್ನು ಮತ್ತೆ ಮೂಲಕ್ಕೆ ತರಲಾಗದು. ಸಂಗ್ರಹಕಾರರು ಒಂದಷ್ಟು ಕಲೆ ಇರುವ ಮೂಲ ಡಯಲ್‌ಗೆ ಥಳಥಳ ಹೊಳೆಯುವ ರೀಡಯಲ್‌ಗಿಂತ ಹೆಚ್ಚು ಬೆಲೆ ಕೊಡುವುದಕ್ಕೂ ಇದೇ ಕಾರಣ.

ಯಾವುದನ್ನು ಎಂದಿಗೂ ಕೊಡಬಾರದು ಅಂತ ಹೇಳಿಬಿಡುತ್ತೇನೆ. ಕಪ್ಪು ಗಿಲ್ಟ್ ಡಯಲ್: ಅದರ ಚಿನ್ನದ ಬಣ್ಣದ ಅಕ್ಷರಗಳು ಮೇಲೆ ಮುದ್ರಿಸಿದ್ದಲ್ಲ, ಕಪ್ಪು ಲೇಪದ ನಡುವೆ ಬಿಟ್ಟ ಜಾಗದಲ್ಲಿ ಕೆಳಗಿನ ಲೋಹವೇ ಕಾಣುವುದು. ರೀಡಯಲ್‌ನಲ್ಲಿ ಅಲ್ಲಿ ಚಿನ್ನದ ಬಣ್ಣದ ಶಾಯಿ ಬರುತ್ತದೆ, ಲೂಪ್ ಹಿಡಿದರೆ ಅಕ್ಷರ ತಗ್ಗಿನಲ್ಲಿರುವ ಬದಲು ಉಬ್ಬಿರುತ್ತದೆ. ಕಪ್ಪಿನಿಂದ ಕಂದಿಗೆ ಸಮನಾಗಿ ತಿರುಗಿದ ‘ಟ್ರಾಪಿಕಲ್’ ಡಯಲ್: ಅದನ್ನು ಕೆಟ್ಟಿದೆ ಅಂದುಕೊಂಡು ಕಪ್ಪು ಮಾಡಿಸಿದವರಿದ್ದಾರೆ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಕೆಳಗಡೆ ‘ಸ್ವಿಸ್ ಮೇಡ್’ ಎರಡೂ ಬದಿಗೆ ‘ಓಎಂ’ ಅಂತಿರುವ ಒಮೆಗಾ ಕಂಪನಿಯ ಡಯಲ್: ಅಲ್ಲಿ ಡಯಲ್ ತಗಡೇ ಚಿನ್ನದ್ದು. ಕೈಯಲ್ಲಿ ಕೊರೆದ ಗಿಯೋಷೆ ನಕ್ಷೆ ಇರುವುದು: ಉಜ್ಜಿದರೆ ಗೆರೆಯೇ ಹೋಯಿತು.

ಇನ್ನೊಂದು. ನಿಮ್ಮದು ಈಗಾಗಲೇ ಒಮ್ಮೆ ರೀಡಯಲ್ ಆಗಿದೆಯೋ ಅಂತ ನೋಡಿ, ಆಗಿದ್ದರೆ ಈ ಚರ್ಚೆಯೇ ಬದಲಾಗುತ್ತದೆ. ನಿಮಿಷದ ಗೆರೆಗಳು ಗುರುತುಗಳ ನಡುಮಧ್ಯಕ್ಕೆ ಸರಿಯಾಗಿ ಬೀಳುತ್ತವೆಯಾ? ‘ಸ್ವಿಸ್ ಮೇಡ್’ ಡಯಲ್‌ನ ಅಂಚಿನಿಂದ ಸರಿಯಾದ ದೂರದಲ್ಲಿದೆಯಾ, ಅರ್ಧ ಚೌಕಟ್ಟಿನ ಅಡಿಗೆ ಹೋಗಿದೆಯಾ? ಅಂಚಿನಲ್ಲಿ ಅರದಿಂದ ಕೊರೆದ ಸಣ್ಣ ಕಚ್ಚು ಇದೆಯಾ? ಮುದ್ರಣ ಯಂತ್ರದಲ್ಲಿ ಡಯಲ್ ಕೂರಿಸಲು ಕೆಲವರು ಹಾಗೆ ಮಾಡುತ್ತಾರೆ. ಆದರೆ ಕೆಲವು ಮೂಲ ಡಯಲ್‌ಗಳಲ್ಲೂ ಕಚ್ಚು ಇರುತ್ತದೆ, ಅದೊಂದನ್ನೇ ನಂಬಬೇಡಿ. ಡಯಲ್ ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ಅಂಕಿ, ಮುಂಬದಿಯ ಬಣ್ಣ ಸುತ್ತಿ ಬಂದ ಗುರುತು ಇವೆಯಾ? 1970ರ ದಶಕದ ವಾಚಾದರೆ ‘ಸ್ವಿಸ್’ ಪಕ್ಕದ ಸಿಗ್ಮಾ ಚಿಹ್ನೆ (ಗುರುತುಗಳು ಚಿನ್ನದ್ದು ಎಂಬ ಸೂಚನೆ) ರೀಡಯಲ್‌ನಲ್ಲಿ ಬಹಳ ಸಲ ಮಾಯವಾಗಿರುತ್ತದೆ.


ಮೂರುಮುಳ್ಳು:

ಪಕ್ಕದಿಂದ ಟಾರ್ಚ್ ಹಿಡಿದು ನೋಡಿದೆ. ಚುಕ್ಕೆಗಳ ಸುತ್ತ ಮುರಿದ ಅಂಚು ಸ್ಪಷ್ಟ. 3ರ ಬಳಿಯೂ ಎರಡು ಚುಕ್ಕೆ ಕಂಡವು, ಅವು ಮಾತ್ರ ನೆರಳು ಬೀಳಿಸುತ್ತಿವೆ. ಹಳೇಕೀಲಿ ಅವರ ಪಟ್ಟಿಯಂತೆ ನೋಡಿದರೆ ರೀಡಯಲ್ ಆದ ಹಾಗಿಲ್ಲ, ಗೆರೆ–ಗುರುತು ಎಲ್ಲ ಸಾಲಾಗಿವೆ. ಹಿಂಬದಿ ಇನ್ನೂ ನೋಡಿಲ್ಲ.

ಲ್ಯೂಮ್ ಬಗ್ಗೆ: ಯುವಿ ಟಾರ್ಚ್ ಹಿಡಿದಾಗ ಮುಳ್ಳು, ಚುಕ್ಕಿ ಎರಡೂ ಮಂಕಾಗಿ ಬೆಳಗಿ, ಆರಿಸಿದ ಕೂಡಲೇ ಪೂರ್ತಿ ಕತ್ತಲಾದವು. ಡಯಲ್ ಮೇಲೆ ‘ಟಿ’ ಅಕ್ಷರ ಎಲ್ಲೂ ಇಲ್ಲ.


ಕತ್ತಲೆಹಸಿರು:

ಅಷ್ಟು ಸಾಕು. ಮುಂದೆ ಯಾರೂ ಡಯಲ್ ಮೇಲೆ ಗಾಳಿ ಊದುವ ಬಲ್ಬ್ ಹಿಡಿಯಬೇಡಿ.

ಈಗಿನ ಲ್ಯೂಮ್ ಸ್ಟ್ರಾಂಷಿಯಂ ಅಲ್ಯೂಮಿನೇಟ್. ಯುವಿ ಆರಿಸಿದ ಮೇಲೂ ನಿಮಿಷಗಟ್ಟಲೆ ಬೆಳಗುತ್ತದೆ. ನಿಮ್ಮದು ಕೂಡಲೇ ಸತ್ತಿತು ಅಂದರೆ ಹಳೆಯ ಸತುವಿನ ಸಲ್ಫೈಡ್, ಯಾರೂ ಮರುಲ್ಯೂಮ್ ಮಾಡಿಲ್ಲ. ಮುಳ್ಳು ಮತ್ತು ಡಯಲ್ ಒಂದೇ ರೀತಿ ವರ್ತಿಸಿದ್ದು ಮುಳ್ಳುಗಳೂ ಆ ಕಾಲದವೇ ಅನ್ನುವುದಕ್ಕೆ ಒಳ್ಳೆ ಸೂಚನೆ. ಆದರೆ 60ರ ದಶಕದ ಆರಂಭ, ‘ಟಿ’ ಗುರುತಿಲ್ಲ ಅಂದರೆ ಅದು ಟ್ರಿಟಿಯಂ ಆಗಿರುವುದಕ್ಕಿಂತ ರೇಡಿಯಂ ಆಗಿರುವ ಸಾಧ್ಯತೆಯೇ ಹೆಚ್ಚು. ಎರಡೂ ಲ್ಯೂಮ್ ಬೆಳಗಿಸಲು ಬೆರೆಸುತ್ತಿದ್ದ ವಿಕಿರಣ ವಸ್ತುಗಳು, ‘ಟಿ’ ಅಂದರೆ ಟ್ರಿಟಿಯಂ.

ಬೆಳಗುತ್ತಿಲ್ಲ ಅಂದರೆ ವಿಕಿರಣ ಮುಗಿಯಿತು ಅಂತ ಅಲ್ಲ. ಸತ್ತಿರುವುದು ಬೆಳಕು ಕೊಡುವ ಸತುವಿನ ಸಲ್ಫೈಡ್. ರೇಡಿಯಂ-226ರ ಅರ್ಧಾಯುಷ್ಯ (ಅರ್ಧದಷ್ಟು ಕರಗುವ ಕಾಲ) 1600 ವರ್ಷ, ಅದು ಹೆಚ್ಚುಕಡಿಮೆ ಹಾಕಿದಷ್ಟೇ ಇದೆ. ಟ್ರಿಟಿಯಂ ಆದರೆ ಅರ್ಧಾಯುಷ್ಯ 12.3 ವರ್ಷ, ಇಷ್ಟು ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಗೈಗರ್ ಕೌಂಟರ್ (ವಿಕಿರಣ ಎಣಿಸುವ ಯಂತ್ರ) ಸಿಕ್ಕರೆ ಮುಚ್ಚಿದ ವಾಚಿನ ಗಾಜಿನ ಮೇಲೆ ಹಿಡಿಯಿರಿ: ರೇಡಿಯಂ ಆದರೆ ಗಾಜು ದಾಟಿ ಎಣಿಕೆ ಏರುತ್ತದೆ, ಟ್ರಿಟಿಯಂನ ದುರ್ಬಲ ಬೀಟಾ ಕಣಗಳು ಗಾಜು ದಾಟುವುದಿಲ್ಲ. ಮುಳ್ಳುಗಳು ಬಹಳ ಕಾಲ ಒಂದೇ ಕಡೆ ನಿಂತಿದ್ದ ವಾಚಾದರೆ ಅವುಗಳ ಅಡಿಯಲ್ಲಿ ಡಯಲ್ ಕಂದಾಗಿರುವುದೂ ರೇಡಿಯಂ ಗುರುತು.

ಮುಚ್ಚಿದ ವಾಚನ್ನು ಆಗಾಗ ಕಟ್ಟಿಕೊಳ್ಳುವುದಕ್ಕಿಂತ ಅಪಾಯ ಇರುವುದು ಬಿಚ್ಚಿದಾಗ ಉದುರುವ ಪುಡಿ ಮೂಗು, ಬಾಯಿಗೆ ಹೋಗುವುದರಲ್ಲಿ. ಮುಳ್ಳಿನ ಲ್ಯೂಮ್ ಬಿರುಕು ಬಿಟ್ಟಿದೆ ಅಂದಿದ್ದೀರಿ, ಅಂದರೆ ಪುಡಿ ಈಗಾಗಲೇ ಕೇಸಿನೊಳಗೆ ಇರಬಹುದು. ಮನೆಯಲ್ಲಿ ಬಿಚ್ಚಬೇಡಿ. ರಿಪೇರಿಯವರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಬಿಚ್ಚುವವರು ನೈಟ್ರೈಲ್ ಗ್ಲೌಸ್, ಒಳ್ಳೆ ಮಾಸ್ಕ್ ಹಾಕಿ, ಒದ್ದೆ ಕಾಗದ ಹಾಸಿ ಕೆಲಸ ಮಾಡಬೇಕು, ಪುಡಿಯನ್ನು ಒದ್ದೆ ಹತ್ತಿಯಿಂದ ಎತ್ತಬೇಕು, ಊದಬಾರದು, ಗುಡಿಸಬಾರದು. ಲ್ಯೂಮ್ ಕೆರೆಯುವುದಂತೂ ಬೇಡವೇ ಬೇಡ. ರೇಡಿಯಂ ಕ್ಷಯವಾಗಿ ರೇಡಾನ್ ಅನಿಲ ಬರುವುದರಿಂದ ಇಂಥ ವಾಚುಗಳನ್ನು ರಾಶಿಯಾಗಿ ಮಲಗುವ ಕೋಣೆಯ ಮುಚ್ಚಿದ ಕಪಾಟಿನಲ್ಲಿ ಇಡಬಾರದು, ಗಾಳಿಯಾಡುವ ಕಡೆ ಇಡಿ.

ಇದು ರೀಡಯಲ್ ಪ್ರಶ್ನೆಗೂ ಸಂಬಂಧಿಸಿದ್ದೇ. ರೀಡಯಲ್ ಅಂದರೆ ಆ ಚುಕ್ಕಿಗಳನ್ನು ಕೆರೆದು, ಡಯಲನ್ನು ಉಜ್ಜುತ್ತಾರೆ. ರೇಡಿಯಂ ಇದೆ ಅಂತ ಹೇಳದೆ ಡಯಲ್ ಕಳಿಸುವುದು ಆ ಕೆಲಸಗಾರರಿಗೆ ಮಾಡುವ ಅನ್ಯಾಯ.


ಹೊಳಪು_ಪ್ರಿಯ:

ಸರಿ, ನಿಂಬೆ ಮಾತು ವಾಪಸ್. ಆದರೂ ಒಂದು ಪ್ರಶ್ನೆ. ಅವರು ಮಾರುತ್ತಿಲ್ಲ. ಸಂಗ್ರಹಕಾರರ ಬೆಲೆ ಕಟ್ಟಿಕೊಂಡು ಅವರಿಗೇನು? ದಿನಾ ನೋಡುವ ಮುಖ ಚೆನ್ನಾಗಿರಲಿ ಅಂತ ಆಸೆಪಟ್ಟರೆ ತಪ್ಪಾ? ಹೊಸ ಡಯಲ್ ಹಾಕಿಸಬಹುದಲ್ಲ?


ಮುದ್ರೆಮೇಜು:

ತಪ್ಪಿಲ್ಲ. ನಾನು ಅಳೆಯುವ ರೀತಿ ಬೇರೆ, ಬೆಲೆಯಿಂದ ಅಲ್ಲ. ಟೈಮ್ ಓದಲು ಆಗುತ್ತಿಲ್ಲ, ಹೆಸರು ಅಳಿಸಿದೆ, ಲ್ಯಾಕರ್ ಚಕ್ಕೆ ಉದುರಿ ಮುಳ್ಳಿಗೆ, ಮೂವ್‌ಮೆಂಟಿಗೆ ಬೀಳುತ್ತಿದೆ, ಅಥವಾ ಹಿಂದೆ ಯಾರೋ ಕೆಟ್ಟದಾಗಿ ರೀಡಯಲ್ ಮಾಡಿದ್ದಾರೆ. ಈ ನಾಲ್ಕರಲ್ಲಿ ಒಂದಿದ್ದರೂ ರೀಡಯಲ್ ಮಾಡಿಸಿ, ನಾನೇ ಹೇಳುತ್ತೇನೆ. ಸಾವಿರಾರು ಇರುವ ಸಾಮಾನ್ಯ ಮಾಡೆಲ್, ಮೂಲ ಪೂರ್ತಿ ಹೋಗಿದೆ ಅಂದರೆ ಅಳುವುದರಲ್ಲಿ ಅರ್ಥವಿಲ್ಲ. ಇಲ್ಲಿ ಹೆಸರು, ಲೋಗೋ ಪೂರ್ತಿ ಇವೆ, ಆರು ನಿಮಿಷದ ಗೆರೆಯಷ್ಟೇ ಹೋಗಿದೆ. ಈ ಡಯಲ್ ನನ್ನ ಮೇಜಿಗೆ ಬಂದರೆ ವಾಪಸ್ ಕಳಿಸುತ್ತೇನೆ.


ಚಿಮುಟ:

ಬೇರೆ ಡಯಲ್ ಹಾಕಿಸುವುದೇ ನನಗೆ ರೀಡಯಲ್‌ಗಿಂತ ಇಷ್ಟ. ಮೂಲ ಡಬ್ಬಿಯಲ್ಲಿ ಉಳಿಯುತ್ತೆ, ಬೇಕೆಂದಾಗ ವಾಪಸ್ ಹಾಕಬಹುದು. ಆದರೆ ‘ಅದೇ ಕ್ಯಾಲಿಬರ್‌ದು’ ಅಂತ ಕೊಂಡು ಕೈಸುಟ್ಟುಕೊಳ್ಳುವವರು ಬಹಳ. ಕಾಲುಗಳ ಜಾಗ ಒಂದೇ ಇದ್ದರೂ ಡಯಲ್‌ನ ವ್ಯಾಸ ಕೇಸಿಗೆ ತಕ್ಕಂತೆ ಬೇರೆ ಇರುತ್ತೆ. ಕ್ಯಾಲಿಪರ್‌ನಲ್ಲಿ 0.1 ಮಿ.ಮೀ.ವರೆಗೆ ಅಳೆದು ಹೋಲಿಸಿ. ಸಮತಟ್ಟಾದ ಡಯಲ್ ಬದಲು ಅಂಚು ಇಳಿದ ಡಯಲ್ ಹಾಕಿದರೆ ಮುಳ್ಳಿನ ಎತ್ತರ, ಗಾಜಿನ ಅಂತರ ಎರಡೂ ಕೆಡುತ್ತೆ. ಮಾರಾಟಕ್ಕಿರುವ ಬಿಡಿ ಡಯಲ್‌ಗಳಲ್ಲಿ ರೀಡಯಲ್‌ಗಳೇ ಸಾಕಷ್ಟಿವೆ, ಹಿಂಬದಿಯ ಚಿತ್ರ ಕೊಡದವರಿಂದ ತಗೋಬೇಡಿ.

ಕಾಲು ಕತ್ತರಿಸಿದ ಡಯಲ್ ಬೇಡ. ಎರಡೂ ಕಡೆ ಅಂಟುವ ಡಯಲ್ ಡಾಟ್ ಹಾಕಿ ಕೂರಿಸುತ್ತಾರೆ. ಡಾಟ್‌ನ ದಪ್ಪದಷ್ಟು ಡಯಲ್ ಮೇಲೇರಿ, ಗಂಟೆಯ ಮುಳ್ಳು ಉಜ್ಜುತ್ತೆ, ಬಿಸಿಗೆ ಅಂಟು ಮೆತ್ತಗಾಗಿ ಡಯಲ್ ತಿರುಗುತ್ತೆ. ಮೂಲ ಡಯಲ್‌ದೇ ಕಾಲು ಮುರಿದರೆ ಮಾಮೂಲಿ ಬೆಸುಗೆ ಹಾಕಿಸಬೇಡಿ, ಆ ಶಾಖಕ್ಕೆ ಮುಂದಿನ ಲ್ಯಾಕರ್ ಕಪ್ಪಾಗುತ್ತೆ. ಕಾಲು ಬೆಸೆಯಲೆಂದೇ ವಿದ್ಯುತ್ ಯಂತ್ರ ಇದೆ, ಕ್ಷಣಮಾತ್ರ ಶಾಖ ಕೊಡುತ್ತೆ. ಅದು ಇರುವವರ ಬಳಿ ಹೋಗಿ.


ಮೂರುಮುಳ್ಳು:

ಹಾಗಾದರೆ ಡಯಲ್ ಹಾಗೇ ಇರಲಿ. ಗುಳ್ಳೆ ಮತ್ತೆ ದೊಡ್ಡದಾಗದ ಹಾಗೆ ಅದರ ಮೇಲೆ ಒಂದು ತೊಟ್ಟು ಲ್ಯಾಕರ್ ಬಿಡಬಹುದಾ? ಕಿಲುಬು?


ಲೂಪ್‌ಕಣ್ಣು:

ಲ್ಯಾಕರ್ ಬೇಡ. ಹೊಸ ಲ್ಯಾಕರ್‌ನ ದ್ರಾವಕ ಹಳೆಯದನ್ನು ಮೆತ್ತಗೆ ಮಾಡುತ್ತೆ, ಒಣಗಿದಾಗ ಉಂಗುರದ ಹಾಗೆ ಕಲೆ ಉಳಿಯುತ್ತೆ, ಪಕ್ಕದ ನಿಮಿಷದ ಗೆರೆಯೂ ಕದಲಬಹುದು. ಗುಳ್ಳೆ ಒಡೆಯದಿದ್ದರೆ, ತೇವ ನಿಂತರೆ, ಅದು ಹಾಗೇ ಇರುತ್ತೆ.

ಕಿಲುಬನ್ನು ಮಾತ್ರ ತೆಗೆಸಿ, ಅದು ಹರಡುವ ಜಾತಿ. ದ್ರವ ಇಲ್ಲದೆ, ಚೂಪು ಮಾಡಿದ ಪೆಗ್‌ವುಡ್ ಎಂಬ ಮರದ ಕಡ್ಡಿಯಿಂದ, ಮೈಕ್ರೋಸ್ಕೋಪ್ ಕೆಳಗೆ, ಗುರುತಿನ ಲೋಹದ ಕಡೆಗೆ ಒತ್ತು ಕೊಟ್ಟು. ಉದುರಿದ ಪುಡಿಯನ್ನು ರೋಡಿಕೋ ಎಂಬ ಅಂಟುವ ಮುದ್ದೆಯಿಂದ ಎತ್ತಬೇಕು, ಒತ್ತಬಾರದು, ತಾಗಿಸಿ ಎತ್ತುವುದಷ್ಟೇ. ಸಡಿಲ ಲ್ಯಾಕರ್ ಮತ್ತು ಲ್ಯೂಮ್ ಹತ್ತಿರ ರೋಡಿಕೋ ಕೂಡ ಬೇಡ. 3ರ ಬಳಿ ನೆರಳು ಬೀಳಿಸುವ ಎರಡು ಚುಕ್ಕೆಗಳೂ ಇದೇ ರೀತಿ ಹೋಗುತ್ತವೆ.


ಹಳೇಕೀಲಿ:

ವಾಚು ಕೊಡುವಾಗ ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಚೀಟಿಯಲ್ಲಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ: ಡಯಲ್ ಮತ್ತು ಮುಳ್ಳುಗಳನ್ನು ತೊಳೆಯಬಾರದು, ಬಣ್ಣ ಹಾಕಬಾರದು, ಮರುಲ್ಯೂಮ್ ಮಾಡಬಾರದು. ಕೇಸು ಪಾಲಿಶ್ ಬೇಡ. ಬದಲಿಸಿದ ಪ್ರತಿ ಭಾಗವನ್ನೂ ವಾಪಸ್ ಕೊಡಬೇಕು. ಲ್ಯೂಮ್ ರೇಡಿಯಂ ಇರಬಹುದು. ಡಯಲ್ ಬಿಚ್ಚಿದಾಗ ಮುಂದೆ, ಹಿಂದೆ ಎರಡೂ ಕಡೆಯ ಚಿತ್ರ ಬೇಕು.

ಕಂಪನಿಯ ಸರ್ವಿಸ್‌ಗೆ ಕಳಿಸುವುದಾದರೆ ಇನ್ನೂ ಹುಷಾರು. ಕೆಲವು ಕಡೆ ಸರ್ವಿಸ್ ಡಯಲ್ (ಕಂಪನಿಯ ಬದಲಿ ಡಯಲ್) ಹಾಕದೆ ಕೆಲಸ ಒಪ್ಪುವುದಿಲ್ಲ, ಹಳೆಯದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಅಂದಾಜು ಪಟ್ಟಿಯಲ್ಲಿ ‘ಡಯಲ್ ಬದಲಾವಣೆ’ ಅಂತಿದ್ದರೆ ಸಹಿ ಹಾಕುವ ಮೊದಲು ಹಳೆಯದು ವಾಪಸ್ ಬರುತ್ತದೆಯೇ ಅಂತ ಲಿಖಿತ ಉತ್ತರ ತೆಗೆದುಕೊಳ್ಳಿ.


ಚಿಮುಟ:

ಅದೇ ಚೀಟಿಗೆ ಸೇರಿಸಿ: ಕ್ರೌನ್ ಗ್ಯಾಸ್ಕೆಟ್, ಹಿಂಬದಿ ಮುಚ್ಚಳದ ಗ್ಯಾಸ್ಕೆಟ್, ಅಕ್ರಿಲಿಕ್ ಗಾಜು ಮೂರೂ ಹೊಸದು. ಹಳೇ ಗಾಜಿನಲ್ಲಿ ಬಿರುಕು ಕಾಣದಿದ್ದರೂ ಬದಲಿಸಿ, ಅದು ಸವೆಯುವ ಭಾಗ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಅದನ್ನು ವಾಟರ್‌ಪ್ರೂಫ್ ಅಂತ ನಂಬಿ ಕೈ ತೊಳೆಯಬೇಡಿ. ಈಗಲೇ 4–6ರ ಭಾಗದ ಹತ್ತಿರದ ಚಿತ್ರ ಒಂದೇ ಬೆಳಕಿನಲ್ಲಿ ತೆಗೆದಿಡಿ, ಆರು ತಿಂಗಳ ಮೇಲೆ ಅದೇ ಕೋನದಲ್ಲಿ ಇನ್ನೊಂದು. ಚುಕ್ಕೆ ಬೆಳೆದಿದ್ದರೆ ಗ್ಯಾಸ್ಕೆಟ್ ಕೆಲಸ ಸರಿಯಾಗಿಲ್ಲ ಅಂತ ಅರ್ಥ, ವಾಪಸ್ ಕೊಟ್ಟು ಮತ್ತೆ ನೋಡಿಸಿ.


ಮೂರುಮುಳ್ಳು:

ಚಿತ್ರ ತೆಗೆದಿಟ್ಟೆ. ರೇಡಿಯಂ ಕೆಲಸ ಒಪ್ಪುವವರು ಯಾರು ಅಂತ ವಿಚಾರಿಸಿಕೊಂಡು ಸರ್ವಿಸ್‌ಗೆ ಮಾತ್ರ ಕೊಡುತ್ತೇನೆ, ಡಯಲ್ ಹಾಗೇ ಇರುತ್ತೆ. ಹಿಂಬದಿಯ ಚಿತ್ರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.


ಕತ್ತಲೆಹಸಿರು:

ಗೈಗರ್ ಎಣಿಕೆ ಸಿಕ್ಕರೆ ಅದನ್ನೂ ಬರೆಯಿರಿ. ಗಾಜಿನ ಮೇಲೆ ಹಿಡಿದದ್ದು, ಹಿಂಬದಿ ಮುಚ್ಚಳದ ಮೇಲೆ ಹಿಡಿದದ್ದು, ವಾಚಿಲ್ಲದೆ ಕೋಣೆಯಲ್ಲಿ ಬಂದದ್ದು, ಮೂರೂ ಬೇರೆ ಬೇರೆಯಾಗಿ.